ನಗು ಬಂದ ಕಡೆ ನಿಲ್ಲಿಸಿ: ಕಾಮಿಡಿ ಪಾಡ್‌ಕಾಸ್ಟ್ ಕೇಳಿ ಇಂಗ್ಲಿಷ್ ಕಲಿಯುವುದು ಹೇಗೆ

ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ. ಮೇಲ್ ಬರೆಯಲೂ ಬರುತ್ತದೆ. ಆದರೆ ಕಾಲ್‌ನಲ್ಲಿ ಆ ಕಡೆಯಿಂದ ಲಂಡನ್ನಿನವರೋ ಚಿಕಾಗೋದವರೋ ಮಾತು ಶುರು ಮಾಡಿದರೆ ಅರ್ಧ ತಲೆಗೇ ಹೋಗುವುದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ಕೆಲಸಕ್ಕೆ ಸೇರಿದ ಎಷ್ಟೋ ಜನರ ಕಷ್ಟ ಇದೇ. ಇದಕ್ಕೆ ಇನ್ನೊಂದು ಗ್ರಾಮರ್ ಪುಸ್ತಕ ಕೊಂಡು ಪ್ರಯೋಜನ ಇಲ್ಲ, ಕಿವಿ ಪಳಗಬೇಕು. ಕಿವಿ ಪಳಗಿಸಲು ನಾನು ಹೇಳುವ ದಾರಿ ಕಾಮಿಡಿ ಪಾಡ್‌ಕಾಸ್ಟ್.

ನ್ಯೂಸ್ ಕೇಳಿ ಅಂತ ಎಲ್ಲರೂ ಹೇಳುತ್ತಾರೆ. ನ್ಯೂಸ್ ಓದುವವರು ಬರೆದಿಟ್ಟಿದ್ದನ್ನು ಬಿಡಿಸಿ ಬಿಡಿಸಿ ಓದುತ್ತಾರೆ, ಮನೆಯಲ್ಲಿ ಆಫೀಸಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ. ಜೊತೆಗೆ ಒಂದು ವಾಕ್ಯ ತಪ್ಪಿಹೋದರೂ ನಿಮಗೆ ಗೊತ್ತೇ ಆಗುವುದಿಲ್ಲ. ಕಾಮಿಡಿಯಲ್ಲಿ ಗೊತ್ತಾಗುತ್ತದೆ. ಎಲ್ಲರೂ ನಕ್ಕರು, ನಿಮಗೆ ಮಾತ್ರ ನಗು ಬರಲಿಲ್ಲ ಅಂದರೆ ಸ್ವಲ್ಪ ಮುಂಚೆ ಏನೋ ತಪ್ಪಿಹೋಗಿದೆ ಅಂತ ಅರ್ಥ, ಎಲ್ಲಿ ತಪ್ಪಿತು ಅಂತ ಆ ನಗುವೇ ಬೆರಳಿಟ್ಟು ತೋರಿಸುತ್ತದೆ. ಹಾಗಾಗಿ ಮಾಡಬೇಕಾದ ಮುಖ್ಯ ಕೆಲಸ ಒಂದೇ. ನಗು ಬಂದ ಕಡೆ ನಿಲ್ಲಿಸಿ, 15 ಸೆಕೆಂಡ್ ಹಿಂದಕ್ಕೆ ಹೋಗಿ, ಮತ್ತೆ ಕೇಳಿ.

ಯಾವುದರಿಂದ ಶುರು ಮಾಡಬೇಕು? ಪ್ರತಿ ಎಪಿಸೋಡೂ ಒಂದೇ ಕ್ರಮದಲ್ಲಿ ನಡೆಯುವಂಥದ್ದನ್ನು ಆರಿಸಿಕೊಳ್ಳಿ. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಕಿವಿಗೆ ಅರ್ಧ ಕೆಲಸ ಕಡಿಮೆ. ನನ್ನ ಮೊದಲ ಆಯ್ಕೆ ಬ್ರಿಟನ್ನಿನ ‘ಆಫ್ ಮೆನು’, 2018ರ ಕೊನೆಯಲ್ಲಿ ಶುರುವಾಗಿದ್ದು. ಎಡ್ ಗ್ಯಾಂಬಲ್ ಮತ್ತು ಜೇಮ್ಸ್ ಅಕಾಸ್ಟರ್ ಎಂಬ ಇಬ್ಬರು ಕಾಮಿಡಿಯನ್‌ಗಳು ಒಂದು ಕನಸಿನ ಹೋಟೆಲ್ ನಡೆಸುತ್ತಾರೆ. ಜೇಮ್ಸ್ ಅಲ್ಲಿ ಸಪ್ಲೈಯರ್, ಅದೂ ಏನು ಕೇಳಿದರೂ ತಂದುಕೊಡುವ ಜೀನಿ, ಅಂದರೆ ಅಲ್ಲಾವುದ್ದೀನನ ದೀಪದ ಭೂತದ ಥರ. ಬಂದ ಅತಿಥಿ ತನಗೆ ತುಂಬಾ ಇಷ್ಟವಾದ ಊಟ ಯಾವುದು ಅಂತ ಒಂದೊಂದಾಗಿ ಹೇಳಬೇಕು. ಮೊದಲು ನೀರು, ಮಾಮೂಲಿಯದ್ದೋ ಗುಳ್ಳೆ ಬರುವ ಸೋಡಾ ಥರದ್ದೋ. ಆಮೇಲೆ ಇದ್ದಕ್ಕಿದ್ದಂತೆ ಜೇಮ್ಸ್ ‘ಪಾಪಡಮ್ಸ್ ಆರ್ ಬ್ರೆಡ್’, ಅಂದರೆ ಪಾಪಡಮ್ ಬೇಕೋ ಬ್ರೆಡ್ ಬೇಕೋ ಅಂತ ಕಿರುಚುತ್ತಾರೆ. ಪಾಪಡಮ್ ಅಂದರೆ ನಮ್ಮ ಹಪ್ಪಳವೇ, ಬ್ರಿಟನ್ನಿನ ಇಂಡಿಯನ್ ಹೋಟೆಲ್‌ಗಳಲ್ಲಿ ಊಟಕ್ಕೆ ಮೊದಲೇ ತಂದಿಡುತ್ತಾರೆ. ಅದಾದ ಮೇಲೆ ಸ್ಟಾರ್ಟರ್, ಮೇನ್ ಕೋರ್ಸ್, ಸೈಡ್ ಡಿಶ್, ಡ್ರಿಂಕ್, ಡೆಸರ್ಟ್. ಪ್ರತಿ ಸಲವೂ ಒಂದು ಗುಟ್ಟಿನ ಪದಾರ್ಥ ಇಟ್ಟುಕೊಂಡಿರುತ್ತಾರೆ, ಅದರ ಹೆಸರು ಅತಿಥಿ ಬಾಯಲ್ಲಿ ಬಂದರೆ ಹೋಟೆಲಿನಿಂದ ಆಚೆಗೆ. ಅಮ್ಮನ ಅಡುಗೆ, ಸ್ಕೂಲಿನ ಊಟ, ಹಳೇ ಹೋಟೆಲ್ಲು, ಹೀಗೆ ದಿನನಿತ್ಯದ ಮಾತೇ ಜಾಸ್ತಿ. ಅದಕ್ಕೇ ಇದು ಕಲಿಯುವವರಿಗೆ ಇಷ್ಟು ಒಳ್ಳೆಯದು.

ಅಮೆರಿಕದ ಇಂಗ್ಲಿಷ್ ಬೇಕಾದವರು ‘ವೇಟ್ ವೇಟ್ ಡೋಂಟ್ ಟೆಲ್ ಮಿ’ ಕೇಳಿ. ಅಲ್ಲಿನ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನಲ್ಲಿ 1998ರಿಂದ ಬರುತ್ತಿರುವ, ಆ ವಾರದ ಸುದ್ದಿಯ ಮೇಲೆ ನಡೆಯುವ ಕ್ವಿಜ್ ಇದು. ಇದರಲ್ಲಿ ಒಂದು ಭಾಗವನ್ನು ತಪ್ಪಿಸಲೇಬೇಡಿ. ಮೂವರು ಮೂರು ಕಥೆ ಹೇಳುತ್ತಾರೆ, ಒಂದು ಮಾತ್ರ ನಿಜ. ಯಾವುದು ನಿಜ ಅಂತ ಫೋನಿನಲ್ಲಿರುವ ಕೇಳುಗರು ಹೇಳಬೇಕು. ಬರೆದುಕೊಂಡು ಬಂದು ಓದುವ ಕಥೆಗಳಾದ್ದರಿಂದ ಹೊಸಬರಿಗೂ ಕೇಳಿಸಿಕೊಳ್ಳಲು ಆರಾಮ. ಐದು ಸಾಲಿನ ಚುಟುಕ ಹೇಳಿ ಕೊನೆಯ ಪದ ಬಿಟ್ಟುಬಿಡುವ ಆಟವೂ ಇದೆ, ಪ್ರಾಸ ಹಿಡಿದು ಪದ ಊಹಿಸಬೇಕು. ನೀವೂ ಗಟ್ಟಿಯಾಗಿ ಊಹಿಸಿ. ಇಡೀ ಕಾರ್ಯಕ್ರಮದಲ್ಲಿ ಆಡಿದ ಮಾತೆಲ್ಲ ಎನ್‌ಪಿಆರ್ ವೆಬ್‌ಸೈಟಿನಲ್ಲಿ ಬರಹದಲ್ಲಿ ಸಿಗುತ್ತದೆ.

ಇವೆರಡೂ ಕಷ್ಟ ಅನ್ನಿಸಿದರೆ ‘ಲ್ಯೂಕ್ಸ್ ಇಂಗ್ಲಿಷ್ ಪಾಡ್‌ಕಾಸ್ಟ್’ ಇದೆ. 2009ರಿಂದ ಇದನ್ನು ನಡೆಸುತ್ತಿರುವ ಲ್ಯೂಕ್ ಥಾಂಪ್ಸನ್ ಇಂಗ್ಲಿಷ್ ಮೇಷ್ಟ್ರೂ ಹೌದು, ಸ್ಟ್ಯಾಂಡಪ್ ಕಾಮಿಡಿಯನ್ನೂ ಹೌದು. ಬೇರೆಯವರ ಜೋಕ್ ತಗೊಂಡು ಅದು ಯಾಕೆ ನಗು ತರಿಸುತ್ತದೆ ಅಂತ ಬಿಡಿಸಿ ಹೇಳುತ್ತಾರೆ.

ಈಗ ಕೇಳುವ ರೀತಿ. ಹತ್ತು ಎಪಿಸೋಡ್ ಒಂದೊಂದು ಸಲ ಕೇಳುವುದಕ್ಕಿಂತ ಒಂದೇ ಎಪಿಸೋಡನ್ನು ಮೂರು ಸಲ ಕೇಳುವುದು ಎಷ್ಟೋ ಮೇಲು. ಮೊದಲನೇ ಸಲ ಪಾತ್ರೆ ತೊಳೆಯುತ್ತಲೋ ಬಸ್ಸಿನಲ್ಲೋ ಸುಮ್ನೆ ಕೇಳಿ, ನಿಲ್ಲಿಸಬೇಡಿ. ಎರಡನೇ ಸಲ ಒಂದು ಹತ್ತು ನಿಮಿಷದ ಭಾಗ ಆರಿಸಿಕೊಂಡು, ನಗು ಬಂದಲ್ಲೆಲ್ಲ ನಿಲ್ಲಿಸಿ ಹಿಂದಕ್ಕೆ ಹೋಗಿ. ಎರಡು ಸಲ ಹಿಂದೆ ಹೋದರೂ ಸಿಗದಿದ್ದರೆ ಮಾತ್ರ ಬರಹ ನೋಡಿ. ಆಪಲ್ ಪಾಡ್‌ಕಾಸ್ಟ್ಸ್‌ನಲ್ಲಿ 2024ರಿಂದ ಮಾತು ನಡೆಯುತ್ತಿದ್ದಂತೆ ಅಕ್ಷರವೂ ಬರುತ್ತದೆ, ಸ್ಪಾಟಿಫೈನಲ್ಲೂ ಹಲವು ಪಾಡ್‌ಕಾಸ್ಟ್‌ಗಳಿಗೆ ಇದೆ. ಮೊದಲಿಂದಲೇ ಬರಹ ಇಟ್ಟುಕೊಂಡು ಕೂತರೆ ಕಣ್ಣು ಓದುತ್ತದೆ, ಕಿವಿ ನಿದ್ದೆ ಹೋಗುತ್ತದೆ. ಮೂರನೇ ಸಲ ಬರಹ ಇಲ್ಲದೆ.

ತಪ್ಪಿಹೋದ ಜೋಕ್ ಸಿಕ್ಕಾಗ ಯಾಕೆ ತಪ್ಪಿತು ಅಂತ ನೋಡಿಕೊಳ್ಳಿ. ಪದವೇ ಗೊತ್ತಿರಲಿಲ್ಲ ಅಂದರೆ ಪುಸ್ತಕದಲ್ಲಿ ಬರೆದುಕೊಳ್ಳಿ, ಬರೀ ಪದ ಬೇಡ, ಅದು ಬಂದ ಪೂರ್ತಿ ವಾಕ್ಯ ಬರೆಯಿರಿ. ಪದ ಗೊತ್ತು, ಆದರೆ ಅವರು ಹೇಳಿದ ಬ್ರಿಟಿಷ್ ಟಿವಿ ಷೋ ಗೊತ್ತಿಲ್ಲ ಅಂದರೆ ಬಿಟ್ಟು ಮುಂದೆ ಹೋಗಿ, ಅದರ ಹಿಂದೆ ಬಿದ್ದು ಟೈಮ್ ಹಾಳು ಮಾಡಿಕೊಳ್ಳಬೇಡಿ. ಮೂರನೆಯದೇ ನಿಮಗೆ ಚಿನ್ನ. ಎಲ್ಲ ಪದವೂ ಗೊತ್ತಿತ್ತು, ಆದರೂ ಕೇಳಿಸಲಿಲ್ಲ.

ಇದು ಯಾಕೆ ಆಗುತ್ತದೆ? ‘ವಾಟ್ ಡು ಯು ವಾಂಟ್ ಟು ಈಟ್’ ಅಂತ ನಾವು ಪುಸ್ತಕದಲ್ಲಿ ಓದಿದ್ದೇವೆ. ಅವರ ಬಾಯಲ್ಲಿ ಅದು ‘ವಾಡ್ಯ ವಾನ ಈಟ್’ ಆಗಿರುತ್ತದೆ. ನಾವೇನು ಕಡಿಮೆ ಮಾಡುತ್ತೇವಾ? ‘ಏನು ಮಾಡುತ್ತಿದ್ದೀಯ’ ಅಂತ ಬರೆದು ‘ಏನ್ಮಾಡ್ತಿದೀಯ’ ಅಂತ ತಾನೇ ಮಾತಾಡುವುದು, ಕನ್ನಡ ಕಲಿಯಲು ಬಂದವರು ಇಲ್ಲೇ ಅಲ್ವಾ ತಡವರಿಸುವುದು. ಇಂಗ್ಲಿಷಿನಲ್ಲಿ ಮುಖ್ಯವಾದ ಪದವನ್ನು ಒತ್ತಿ ಹೇಳಿ ‘ಆಫ್’, ‘ಟು’, ‘ದಿ’ ಥರದ ಚಿಕ್ಕ ಪದಗಳನ್ನು ನುಂಗಿಬಿಡುತ್ತಾರೆ, ಕನ್ನಡದ ಕಿವಿ ಮಾತ್ರ ಪ್ರತಿ ಅಕ್ಷರಕ್ಕೂ ಕಾಯುತ್ತಾ ಕೂತಿರುತ್ತದೆ. ಹೀಗೆ ಸಿಕ್ಕ ವಾಕ್ಯವನ್ನು ಮತ್ತೆ ಮತ್ತೆ ಕೇಳಿ, ಅವರ ಜೊತೆಗೇ, ಅವರಷ್ಟೇ ವೇಗದಲ್ಲಿ, ಬಾಯಿಬಿಟ್ಟು ಹೇಳಿ. ಇದಕ್ಕೆ ಶ್ಯಾಡೋಯಿಂಗ್ ಅನ್ನುತ್ತಾರೆ. ದಿನಕ್ಕೆ ಎರಡು ಮೂರು ನಿಮಿಷದ ಮಾತು ಸಾಕು. ಹೇಳುವಾಗ ಒಂದನ್ನು ಗಮನಿಸಿ. ನಮ್ಮಲ್ಲಿ ‘ಎವೆರಿ’ ಅನ್ನುವಾಗ ‘ಯೆವೆರಿ’, ‘ಓನ್ಲಿ’ ಅನ್ನುವಾಗ ‘ವೋನ್ಲಿ’ ಆಗಿಬಿಡುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಅವರದ್ದರ ಪಕ್ಕ ನಿಮ್ಮದನ್ನು ಕೇಳಿದರೆ ತಕ್ಷಣ ಗೊತ್ತಾಗುತ್ತದೆ.

ಸ್ಪೀಡ್ ಕಡಿಮೆ ಮಾಡಬಹುದಾ? ಸಿಗದ ಒಂದು ವಾಕ್ಯಕ್ಕೆ 0.8ಕ್ಕೆ ಇಳಿಸಿ, ಸಿಕ್ಕ ಮೇಲೆ ಮತ್ತೆ 1ಕ್ಕೆ ತನ್ನಿ. ಇಡೀ ಎಪಿಸೋಡನ್ನು ನಿಧಾನ ಮಾಡಿದರೆ ಜೋಕಿನ ಟೈಮಿಂಗೇ ಹೋಗುತ್ತದೆ, ನಿಜವಾದ ಮಾತಿನ ವೇಗಕ್ಕೆ ಕಿವಿ ಒಗ್ಗುವುದೂ ಇಲ್ಲ.

ಮಾತಾಡುವ ಅಭ್ಯಾಸಕ್ಕೂ ‘ಆಫ್ ಮೆನು’ ಚೆನ್ನಾಗಿದೆ. ಅವರು ಪ್ರಶ್ನೆ ಕೇಳಿದ ತಕ್ಷಣ ನಿಲ್ಲಿಸಿ ನೀವೇ ಉತ್ತರ ಹೇಳಿ. ಮೇನ್ ಕೋರ್ಸ್‌ಗೆ ಮುದ್ದೆ ಬಸ್ಸಾರು ಅಂತ ಹೇಳಿದರೆ ಮುಗಿಯಲಿಲ್ಲ. ಬಸ್ಸಾರು ಅಂದರೆ ಏನು, ಸೊಪ್ಪು ಕಾಳು ಬೇಯಿಸಿ ಕಟ್ಟು ಬಸಿದುಕೊಳ್ಳುವುದು ಹೇಗೆ, ಮುದ್ದೆಯನ್ನು ಯಾಕೆ ಅಗಿಯದೆ ನುಂಗುತ್ತಾರೆ, ಇದನ್ನೆಲ್ಲ ಏನೂ ಗೊತ್ತಿಲ್ಲದ ಒಬ್ಬ ಇಂಗ್ಲಿಷಿನವನಿಗೆ ಎರಡು ನಿಮಿಷ ವಿವರಿಸಿ ನೋಡಿ. ಎಲ್ಲಿ ಪದ ಸಿಗದೆ ನಿಲ್ಲುತ್ತೀರೋ ಅಲ್ಲಿ ಕಲಿಯಬೇಕಾದ್ದು ಇದೆ. ಆಮೇಲೆ ಅತಿಥಿ ತನ್ನ ಊಟವನ್ನು ಹೇಗೆ ವರ್ಣಿಸುತ್ತಾರೆ ಅಂತ ಕೇಳಿ, ಆ ವಾಕ್ಯಗಳನ್ನೇ ನಿಮ್ಮ ಬಸ್ಸಾರಿಗೆ ಹಾಕಿ ಹೇಳಿ.

ಕಾಮಿಡಿಯನ್‌ಗಳು ಕೆಟ್ಟ ಮಾತು ಧಾರಾಳವಾಗಿ ಬಳಸುತ್ತಾರೆ, ಮನೆಯಲ್ಲಿ ಮಕ್ಕಳಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ. ಆ ಮಾತುಗಳು ಅರ್ಥವಾದರೆ ಸಾಕು, ಮೀಟಿಂಗ್‌ಗೆ ತರಬೇಡಿ. ‘ವೇಟ್ ವೇಟ್’ ರೇಡಿಯೋ ಕಾರ್ಯಕ್ರಮವಾದ್ದರಿಂದ ಆ ತೊಂದರೆ ಕಡಿಮೆ.

ಇಬ್ಬರು ಮೂವರ ಮಾತು ಸಲೀಸಾಗಿ ಸಿಗತೊಡಗಿದ ಮೇಲೆ ‘ನೋ ಸಚ್ ಥಿಂಗ್ ಆ್ಯಸ್ ಎ ಫಿಶ್’ಗೆ ಹೋಗಿ. 2014ರಿಂದ ನಡೆಯುತ್ತಿದೆ. ನಾಲ್ಕು ಜನ, ಒಬ್ಬೊಬ್ಬರು ಆ ವಾರ ಸಿಕ್ಕ ಒಂದೊಂದು ವಿಚಿತ್ರ ಸಂಗತಿ ತರುತ್ತಾರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾರೆ. ಮೊದಮೊದಲು ಯಾರ ದನಿ ಯಾವುದು ಅಂತ ಹಿಡಿಯುವುದೇ ಕೆಲಸ, ಅದಕ್ಕೊಂದೆರಡು ಎಪಿಸೋಡ್ ಕೊಡಿ. ಬಿಬಿಸಿ ರೇಡಿಯೋ 4ರಲ್ಲಿ 1977ರಿಂದ ಬರುತ್ತಿರುವ ‘ದ ನ್ಯೂಸ್ ಕ್ವಿಜ್’ ಅನ್ನು ಕೊನೆಗೆ ಇಟ್ಟುಕೊಳ್ಳಿ. ಭಾಷೆ ಸಿಕ್ಕಿದರೂ ಬ್ರಿಟನ್ನಿನ ರಾಜಕೀಯ ಗೊತ್ತಿಲ್ಲದಿದ್ದರೆ ಅಲ್ಲಿನ ಜೋಕ್ ಸಿಗುವುದಿಲ್ಲ, ಅದಕ್ಕೇ ಕೇಳುವ ಮೊದಲು ಆ ವಾರದ ಬ್ರಿಟನ್ ಸುದ್ದಿಯ ತಲೆಬರಹಗಳ ಮೇಲೆ ಒಮ್ಮೆ ಕಣ್ಣಾಡಿಸಿಕೊಳ್ಳಿ.