ಬ್ಯಾಟರಿ ಸೆಲ್ಲಿನ ಕೆಪಾಸಿಟಿ ಇಳಿದರೆ ತಪ್ಪು ಯಾರದ್ದು? ಐನೂರು ಸೈಕಲ್ ಓಡಿಸುವ ಮುನ್ನ

ಲ್ಯಾಬಿನಲ್ಲಿ ಮಾಡಿದ ಬ್ಯಾಟರಿ ಪುಡಿ ಎಷ್ಟು ಸೈಕಲ್ ತಾಳುತ್ತದೆ ಅಂತ ಪುಟ್ಟ ಸೆಲ್ ಕಟ್ಟಿ ನೋಡುತ್ತಿದ್ದೆ; ಒಂದು ಚಾರ್ಜ್, ಒಂದು ಡಿಸ್ಚಾರ್ಜ್ ಸೇರಿದರೆ ಒಂದು ಸೈಕಲ್. ಇನ್ನೂರು ಸೈಕಲ್ ದಾಟುತ್ತಿದ್ದ ಹಾಗೆ ನನ್ನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ದಿಢೀರನೆ ಕುಸಿಯಿತು. ಅಷ್ಟು ದಿನ ಕೂತು ಮಾಡಿದ ಪುಡಿಯೇ ಸರಿಯಿಲ್ಲ ಅಂದುಕೊಂಡೆ. ಗಾಳಿ, ತೇವ ತಾಗದ ಗ್ಲೋವ್ ಬಾಕ್ಸ್ ಒಳಗೆ ಬಿಚ್ಚಿ ನೋಡಿದರೆ ಕ್ಯಾಥೋಡ್, ಅಂದರೆ ಆ ಪುಡಿ ಬಳಿದ ಎಲೆಕ್ಟ್ರೋಡ್, ಇಟ್ಟ ಹಾಗೇ ಇದೆ. ಎದುರಿದ್ದ ಲಿಥಿಯಂ ಲೋಹ ಮಾತ್ರ ಹೊಳಪು ಹೋಗಿ, ಕಪ್ಪು ಪುಡಿಯಾಗಿ ಎರಡರ ನಡುವಿನ ಹಾಳೆಯಾದ ಸೆಪರೇಟರ್‌ಗೆ ಮೆತ್ತಿಕೊಂಡಿತ್ತು. ಅದೇ ಕ್ಯಾಥೋಡನ್ನು ಡೈಮೀಥೈಲ್ ಕಾರ್ಬೋನೇಟ್‌ನಲ್ಲಿ ತೊಳೆದು, ಹೊಸ ಲಿಥಿಯಂ, ಹೊಸ ಎಲೆಕ್ಟ್ರೋಲೈಟ್ (ಸೆಲ್ಲಿನ ಒಳಗಿನ ಉಪ್ಪಿನ ದ್ರಾವಣ) ಹಾಕಿ ಸೆಲ್ ಕಟ್ಟಿದೆ. ಕೆಪಾಸಿಟಿ ಹೆಚ್ಚುಕಡಿಮೆ ಮೊದಲಿನಷ್ಟೇ ಬಂತು.

ಹಾಗಾಗಿ ಕೆಪಾಸಿಟಿ ಇಳಿದಾಗ ಯಾವುದರ ತಪ್ಪು ಅಂತ ಹೇಳೋಕೆ ಆಗುವ ಹಾಗೆ ಮೊದಲೇ ತಯಾರಾಗಿ.

ತೂಕದಿಂದ ಶುರು ಮಾಡಿ. ಎಲೆಕ್ಟ್ರೋಡ್ ಬಿಲ್ಲೆಯಲ್ಲಿ ಪುಡಿ ಬರೀ 2 ಮಿಲಿಗ್ರಾಂ ಇದ್ದರೆ, 0.1 ಮಿಲಿಗ್ರಾಂ ತಪ್ಪೇ 5% ಆಗುತ್ತದೆ. ಲೇಪನವಿಲ್ಲದ ಫಾಯಿಲ್‌ನಿಂದಲೂ ಅದೇ ಅಳತೆಯ ನಾಲ್ಕೈದು ಬಿಲ್ಲೆ ಕತ್ತರಿಸಿ, ತೂಗಿ, ಅವುಗಳ ಸರಾಸರಿಯನ್ನು ಎಲೆಕ್ಟ್ರೋಡ್ ಬಿಲ್ಲೆಯ ತೂಕದಿಂದ ಕಳೆಯಿರಿ. ಉಳಿದದ್ದರಲ್ಲಿ ಪುಡಿಯ ಜೊತೆ ಬೆರೆಸಿದ ಕಾರ್ಬನ್, ಬೈಂಡರ್ (ಅಂಟು) ಪಾಲು ತೆಗೆಯೋದು ಮರೀಬೇಡಿ. ಕರೆಂಟ್ ಲೆಕ್ಕವೂ ಇದರ ಮೇಲೇ ನಿಂತಿದೆ. ಲಿಥಿಯಂ ಐರನ್ ಫಾಸ್ಫೇಟ್‌ನ ಲೆಕ್ಕದ ಕೆಪಾಸಿಟಿ ಗ್ರಾಂಗೆ 170 ಮಿಲಿಆಂಪ್-ಅವರ್. 8 ಮಿಲಿಗ್ರಾಂ ಇದ್ದರೆ 1ಸಿ, ಅಂದರೆ ಒಂದು ಗಂಟೆಯಲ್ಲಿ ಪೂರ್ತಿ ಚಾರ್ಜ್ ಮಾಡುವ ಕರೆಂಟ್, 1.36 ಮಿಲಿಆಂಪ್. ಸಿ/10 ಅಂದರೆ ಅದರ ಹತ್ತನೇ ಒಂದು ಪಾಲು.

ಸೆಲ್ ಕಟ್ಟುವ ಮುಂಚೆ ಎಲೆಕ್ಟ್ರೋಡನ್ನು ವ್ಯಾಕ್ಯೂಮ್‌ನಲ್ಲಿ ರಾತ್ರಿಯಿಡೀ 120 ಡಿಗ್ರಿಯಲ್ಲಿ ಒಣಗಿಸಿ. ನೀರಿನಂಶ ಉಳಿದರೆ ಎಲೆಕ್ಟ್ರೋಲೈಟ್‌ನ ಉಪ್ಪಿನ ಜೊತೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಎಲೆಕ್ಟ್ರೋಲೈಟನ್ನು ಅಂದಾಜಿನಲ್ಲಿ ಹನಿಸಬೇಡಿ, ಮೈಕ್ರೋಪಿಪೆಟ್‌ನಿಂದ ಪ್ರತಿ ಸೆಲ್‌ಗೂ ಒಂದೇ ಅಳತೆ ಹಾಕಿ. ಒಂದೇ ಥರದ ಸೆಲ್ ಕನಿಷ್ಠ ಮೂರು ಇರಲಿ.

ಮೊದಲ ಎರಡು ಮೂರು ಸೈಕಲ್ ನಿಧಾನವಾಗಿ, ಸಿ/20 ಅಥವಾ ಸಿ/10ರಲ್ಲಿ ಓಡಿಸಿ. ಆಮೇಲೆ ಸಿ/2 ಅಥವಾ 1ಸಿ. 1ಸಿಯಲ್ಲೇ 500 ಸೈಕಲ್‌ಗೆ ಸುಮಾರು 1000 ಗಂಟೆ, ಅಂದರೆ ಆರು ವಾರ ಬೇಕು. ಅಷ್ಟು ದಿನ ಸೆಲ್ಲನ್ನು ಸುಮ್ನೆ ಮೇಜಿನ ಮೇಲೆ ಇಟ್ಟರೆ ಹಗಲು-ರಾತ್ರಿಯ ಬಿಸಿ-ತಂಪು ಗ್ರಾಫಿನಲ್ಲಿ ಅಲೆಯಾಗಿ ಕಾಣುತ್ತದೆ. ಒಂದೇ ಉಷ್ಣತೆಯ ಚೇಂಬರ್ ಬೇಕೇ ಬೇಕು.

ನಾನು ಎಂದೂ ಬಿಡದ ಕೆಲಸ ಒಂದಿದೆ. ಪ್ರತಿ 50 ಸೈಕಲ್‌ಗೆ ಒಮ್ಮೆ ಸಿ/10ರಲ್ಲಿ ಎರಡು ಸೈಕಲ್. ವೇಗದ ಓಟದಲ್ಲಿ ಕೆಪಾಸಿಟಿ ಇಳಿದು, ಸಿ/10ರಲ್ಲಿ ಹಾಗೇ ಉಳಿದಿದ್ದರೆ ಪುಡಿ ಇನ್ನೂ ಜೀವಂತವಾಗಿದೆ, ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್ ಏರಿದೆ ಅಷ್ಟೇ. ಎರಡರಲ್ಲೂ ಇಳಿದರೆ ಪುಡಿಯ ಮೇಲೆ ಅನುಮಾನ ಪಡಬಹುದು.

ಲಿಥಿಯಂ ಎದುರು ಓಡಿಸಿದ ಹಾಫ್ ಸೆಲ್ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಅಲ್ಲಿ ಲಿಥಿಯಂ ಬೇಕಾದಷ್ಟು ಇರುವುದರಿಂದ ಪ್ರತಿ ಸೈಕಲ್‌ನಲ್ಲಿ ಲಿಥಿಯಂ ಕಳೆದುಹೋಗೋದು ಕಾಣೋದೇ ಇಲ್ಲ. ಲಿಥಿಯಂ ಲೋಹದ ಬದಲು ಗ್ರಾಫೈಟ್ ಎದುರಿರುವ ಫುಲ್ ಸೆಲ್‌ನಲ್ಲಿ ಹಾಗಲ್ಲ. ಪ್ರತಿ ಸೈಕಲ್‌ಗೆ 99.9% ಲಿಥಿಯಂ ವಾಪಸ್ ಬಂದರೂ 500ರ ಹೊತ್ತಿಗೆ ಉಳಿಯೋದು ಸುಮಾರು 61%. 99.99% ಆದರೆ 95%. ಅದಕ್ಕೇ ದೀರ್ಘ ಪರೀಕ್ಷೆಯನ್ನು ಗ್ರಾಫೈಟ್ ಎದುರಿಗೂ ಮಾಡಿ. ಗ್ರಾಫೈಟ್ ಕಡೆ ಕೆಪಾಸಿಟಿ 10ರಿಂದ 20% ಜಾಸ್ತಿ ಇರಲಿ.

ಸತ್ತ ಸೆಲ್ಲನ್ನು ಎಸೆಯಬೇಡಿ. ನಿಧಾನವಾಗಿ ಪೂರ್ತಿ ಡಿಸ್ಚಾರ್ಜ್ ಮಾಡಿ, ಗ್ಲೋವ್ ಬಾಕ್ಸ್ ಒಳಗೇ ಬಿಚ್ಚಿ. ಎರಡೂ ಬದಿ ಶಾರ್ಟ್ ಆಗದ ಹಾಗೆ ಪ್ಲಾಸ್ಟಿಕ್ ಚಿಮುಟದಿಂದ ಹಿಡಿಯಿರಿ. ಏನನ್ನೂ ತೊಳೆಯುವ ಮೊದಲು ಲಿಥಿಯಂ ಕಡೆಯ ಫೋಟೊ ತೆಗೆದುಕೊಳ್ಳಿ.