ಮೀನುಹಿಟ್ಟನ್ನು ಶೇ. 20ರಿಂದ 4ಕ್ಕೆ ಇಳಿಸಿದ ನನ್ನ ಅನುಭವ

ಪುಣೆ ಜಿಲ್ಲೆಯ ಇಂದಾಪುರದ ಬಳಿ, ಉಜನಿ ಹಿನ್ನೀರಿಗೆ ಹತ್ತಿರದಲ್ಲಿ, ಪ್ಲಾಸ್ಟಿಕ್ ಹಾಸಿದ ಎರಡು ಕೃಷಿ ಹೊಂಡಗಳಲ್ಲಿ ನಾನು ಚಿಲಾಪಿ (ತಿಲಾಪಿಯಾ) ಮೀನು ಸಾಕುತ್ತೇನೆ. ಮೀನಿನ ಆಹಾರದ ಗುಳಿಗೆಯನ್ನೂ, ಬಿಸಿಯಲ್ಲಿ ಒತ್ತಿ ತೆಗೆಯುವ ಸಣ್ಣ ಎಕ್ಸ್‌ಟ್ರೂಡರಿನಲ್ಲಿ ನಾನೇ ತಯಾರಿಸುತ್ತೇನೆ. ಅದರಲ್ಲಿನ ಮೀನುಹಿಟ್ಟಿನ (ಒಣಮೀನಿನ ಪುಡಿ) ಜಾಗಕ್ಕೆ ಸೋಯಾ ಹಿಂಡಿ ತರುತ್ತೇನೆಂದಾಗ ಭಿಗವಣದ ಮೀನುಪೇಟೆಯ ಪರಿಚಿತರು ಬೇಡವೆಂದು ತಲೆಯಾಡಿಸಿದರು. ಭೀಮೆಯ ಕೆಳದಂಡೆಯಲ್ಲಿ, ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಕಡೆ ಮೀನು ಸಾಕುವ ನನ್ನ ಸೋದರಮಾವ, "ದನಕ್ಕ ಹಾಕೋ ಹಿಂಡಿ ತಿಂದ್ರ ಮೀನ ಮೈ ಹಿಡಿತಾವೇನೋ ಅಳಿಯಾ?" ಎಂದರು. ಮೊದಲ ಎರಡು ಪ್ರಯತ್ನಗಳಲ್ಲಿ ಅವರ ಮಾತೇ ನಿಜವಾಯಿತು.

2020ರಲ್ಲಿ ಅಗ್ಗವೆಂದು ಸರಿಯಾಗಿ ಹುರಿಯದ ಸೋಯಾ ಹಿಟ್ಟನ್ನು ಕೊಂಡೆ. ಮೀನುಗಳು ತಿಂದವು, ಬೆಳೆಯಲಿಲ್ಲ. ಈಗ ಪ್ರತಿ ಲಾಟಿನಿಂದ ಒಂದು ಚಮಚ ಹಿಟ್ಟಿಗೆ ಚಿಟಿಕೆ ಯೂರಿಯಾ ಮತ್ತು ನೀರು ಬೆರೆಸಿ, ಶೀಶೆಯ ಮುಚ್ಚಳ ಬಿಗಿದು, ಅರ್ಧ ಗಂಟೆಯ ಮೇಲೆ ಮೂಸಿ ನೋಡುತ್ತೇನೆ. ಅಮೋನಿಯಾದ ಘಾಟು ಬಂದರೆ ಹಿಟ್ಟು ಇನ್ನೂ ಹಸಿಯೆಂದು ತಿಳಿದು ಆ ಚೀಲಗಳನ್ನು ಹಿಂದಕ್ಕೆ ಕಳುಹಿಸುತ್ತೇನೆ. ಮರುವರ್ಷ ಸೋಯಾ ಹಿಂಡಿಯ ಬೆಲೆಯೇ ಮೀನುಹಿಟ್ಟಿನ ಹತ್ತಿರಕ್ಕೆ ಏರಿತು. ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ಕೊಡಬೇಕಾಯಿತು. ಆ ವರ್ಷ ಹಳೆಯ ಮಿಶ್ರಣಕ್ಕೇ ಮರಳಿದೆ.

2022ರಲ್ಲಿ ಎಣ್ಣೆ ತೆಗೆದ ಒಳ್ಳೆಯ ಹಿಂಡಿಯನ್ನೇ ತಂದು, ಮೀನುಹಿಟ್ಟನ್ನು ಒಮ್ಮೆಲೇ ಶೂನ್ಯಕ್ಕಿಳಿಸಿದೆ. ಪ್ರೋಟೀನ್ ಶೇ. 32ರ ಆಸುಪಾಸಿನಲ್ಲೇ ಇತ್ತು, ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನೂ ಸೇರಿಸಿದ್ದೆ. ಆದರೂ ಮೀನುಗಳು ಗುಳಿಗೆಯನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದವು. ಕೊಯ್ದು ನೋಡಿದರೆ ಹೊಟ್ಟೆಯೊಳಗೆ ಕೊಬ್ಬು ತುಂಬಿತ್ತು, ಕೆಲವದರ ಬೆನ್ನು ಸೊಟ್ಟಗಾಗಿತ್ತು. ಹಿಂದಿನ ಮಿಶ್ರಣದ ಕಿಲೋಗೆ ಸುಮಾರು ₹50 ಬೀಳುತ್ತಿತ್ತು, ಎಫ್‌ಸಿಆರ್ (ಒಂದು ಕಿಲೋ ಮೀನು ಬೆಳೆಯಲು ತಗಲುವ ಆಹಾರದ ಕಿಲೋ) 1.5 ಇತ್ತು, ಹೊಸದು ₹37ಕ್ಕೆ ಸಿಕ್ಕಿತಾದರೂ ಎಫ್‌ಸಿಆರ್ 2.3ಕ್ಕೆ ಹೋಯಿತು. ಅಂದರೆ ಚೀಲ ಅಗ್ಗವಾಗಿ, ಒಂದು ಕಿಲೋ ಮೀನಿನ ಆಹಾರದ ಖರ್ಚು ₹75ರಿಂದ ₹85ಕ್ಕೆ ಏರಿತು. ಆ ಹಂಗಾಮಿನಲ್ಲಿ ಲಕ್ಷದ ಹತ್ತಿರ ಕಳೆದುಕೊಂಡೆ.

ಆ ಕೊಬ್ಬು ಮತ್ತು ಸೊಟ್ಟ ಬೆನ್ನೇ ನನಗೆ ದಾರಿ ತೋರಿಸಿದವು. ಅದು ರಂಜಕದ ಕೊರತೆ: ಸೋಯಾದಲ್ಲಿರುವ ರಂಜಕದ ಬಹುಪಾಲು ಫೈಟೇಟ್ ಎಂಬ ಸಂಯುಕ್ತದಲ್ಲಿ ಸಿಕ್ಕಿಕೊಂಡಿದ್ದು ಮೀನಿಗೆ ದಕ್ಕುವುದಿಲ್ಲ. ಮಣ್ಣಿನ ಕೆರೆಯಲ್ಲಾದರೆ ಹುಳುಹುಪ್ಪಟೆ, ಪಾಚಿಗಳಿಂದ ಒಂದಿಷ್ಟು ತುಂಬಿಕೊಳ್ಳುತ್ತಿತ್ತು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಆ ಆಸರೆ ಕಡಿಮೆ. ಫೈಟೇಟಿನಿಂದ ರಂಜಕವನ್ನು ಬಿಡಿಸುವ ಫೈಟೇಸ್ ಎಂಬ ಕಿಣ್ವದ ಪುಡಿಯನ್ನು ಮಿಶ್ರಣಕ್ಕೇ ಹಾಕಿ ಎಕ್ಸ್‌ಟ್ರೂಡರಿನ ಶಾಖದಲ್ಲಿ ಸುಟ್ಟುಕೊಂಡದ್ದೂ ಉಂಟು. ಈಗ ಗುಳಿಗೆ ಪೂರ್ತಿ ತಣಿದ ಮೇಲೆ, ಕಿಲೋಗೆ ಸುಮಾರು 1,000 ಯೂನಿಟ್ ಬೀಳುವಂತೆ ನೀರಿನಲ್ಲಿ ಕರಗಿಸಿ ಸಿಂಪಡಿಸುತ್ತೇನೆ, ನೆರಳಿನಲ್ಲಿ ಆರಿಸಿ ಮೇಲೆ ಎಣ್ಣೆ ಲೇಪಿಸುತ್ತೇನೆ. ರಂಜಕಕ್ಕೆಂದು ಹಾಕುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಸ್ವಲ್ಪವೇ ಸಾಕಾಗುತ್ತದೆ, ನೀರೂ ಮೊದಲಿನಷ್ಟು ಹಸಿರುಗಟ್ಟುವುದಿಲ್ಲ.

ಉಗುಳುವುದು ನಿಂತದ್ದು, ಶೇ. 4ರಷ್ಟು ಮೀನುಹಿಟ್ಟನ್ನು ಉಳಿಸಿಕೊಂಡು, ಹಿಂಡಿಯ ಒಂದು ಭಾಗವನ್ನು ಯೀಸ್ಟ್ ಹಾಕಿ ಹುಳಿಯಿಸಿದಾಗ. ಎಷ್ಟು ಗಂಟೆ, ಜೊತೆಗೆ ಏನು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಮೂರು ಹಂಗಾಮಿನ ಬೆಲೆ ತೆತ್ತಿದ್ದೇನೆ. ಉಳಿದದ್ದು ಸೋಯಾ ಹಿಂಡಿ ಸುಮಾರು ಶೇ. 45, ಶೇಂಗಾ ಹಿಂಡಿ ಶೇ. 10, ಮಿಕ್ಕದ್ದು ತೌಡು, ಮೆಕ್ಕೆಜೋಳ, ಖನಿಜಗಳು. ಮಳೆಗಾಲದಲ್ಲಿ ಶೇಂಗಾ ಹಿಂಡಿಯನ್ನು ಬಿಟ್ಟೇ ಬಿಡುತ್ತೇನೆ. ಬೂಷ್ಟು ಹಿಡಿದ ಒಂದು ಚೀಲದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ನನ್ನ ನೂರಾರು ಮೀನುಗಳನ್ನು ತಿಂದಿದೆ ಎಂಬುದು ನನ್ನ ಗಟ್ಟಿ ಅನುಮಾನ.

ಇದೇ ಗುಳಿಗೆಯನ್ನು ಮಾವನ ರೋಹು ಹೊಂಡಕ್ಕೂ ಕೊಟ್ಟು ನೋಡಿದೆ. ರೋಹುವಿಗೆ ಹುಳಿರಸದ ಜಠರವಿಲ್ಲದ್ದರಿಂದ ಫೈಟೇಸ್ ಅಲ್ಲಿ ಮಂಕಾಯಿತು. ಸಿಟ್ರಿಕ್ ಆಸಿಡ್ ಸೇರಿಸಿದ ಮೇಲೆ ತುಸು ಸುಧಾರಿಸಿತು, ಆದರೆ ಆ ಖರ್ಚು ನನಗೆ ಗಿಟ್ಟುವಂತೆ ಕಾಣಲಿಲ್ಲ.

ಕಳೆದ ಎರಡು ಹಂಗಾಮುಗಳಲ್ಲಿ ಗುಳಿಗೆ ಕಿಲೋಗೆ ₹42ರ ಸುತ್ತ ಬಿದ್ದಿದೆ, ಎಫ್‌ಸಿಆರ್ 1.6. ಕಿಲೋ ಮೀನಿಗೆ ಏಳೆಂಟು ರೂಪಾಯಿ ಉಳಿಯುತ್ತದೆ. ಆರು ಟನ್ನಿನ ಮೇಲೆ ಅದು ಸಣ್ಣ ಮೊತ್ತವಲ್ಲ. ಚಳಿ ಬಿದ್ದು ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಯಾವ ಗುಳಿಗೆಯನ್ನೂ ಮೀನು ಸರಿಯಾಗಿ ಮುಟ್ಟುವುದಿಲ್ಲವಾದ್ದರಿಂದ ಮಾರ್ಚಿನಲ್ಲಿ ಮರಿ ಬಿಟ್ಟು ಅಕ್ಟೋಬರಿನೊಳಗೆ ಹಿಡಿದುಬಿಡುತ್ತೇನೆ. ಮರಿಗಳು ಐದು ಗ್ರಾಂ ದಾಟುವವರೆಗೆ ಮಾತ್ರ ಹಳೆಯ ಶೇ. 20ರ ಆಹಾರವನ್ನೇ ಕೊಟ್ಟು, ಆ ಮೇಲೆ ಹತ್ತು ದಿನ ಎರಡನ್ನೂ ಬೆರೆಸಿ ಹೊಸದಕ್ಕೆ ಹೊಂದಿಸುತ್ತೇನೆ.