ಏಕಾದಶಿಗೆ ಇಳಿದ ತೂಕ ಮರುದಿನ ಎಲ್ಲಿಂದ ಬಂತು?

ಮಂಗಳೂರಿನಿಂದ ಭಾವನ ಫೋನು ಬೆಳಿಗ್ಗೆ ಏಳಕ್ಕೇ ಬಂತೆಂದರೆ ಅವತ್ತು ದ್ವಾದಶಿಯ ಮರುದಿನ ಎಂದೇ ಲೆಕ್ಕ.

“ಎಂತ ಮಾರಾಯ್ರೆ ಇದು? ಏಕಾದಶಿಗೆ ಒಂದು ತೊಟ್ಟು ನೀರು ಸಹ ಮುಟ್ಟಲಿಲ್ಲ. ನಿನ್ನೆ ಬೆಳಿಗ್ಗೆ ಒಂದೂವರೆ ಕೆಜಿ ಇಳಿದಿತ್ತು. ಇವತ್ತು ನೋಡಿದರೆ ಪೂರಾ ವಾಪಸ್! ನಾನು ತಿಂದದ್ದು ನಾಲ್ಕು ಇಡ್ಲಿ, ಒಂದು ಊಟ ಅಷ್ಟೇ.”

ಅವರ ಸಿಟ್ಟು ಒಮ್ಮೆ ಇಡ್ಲಿ ಮೇಲೆ, ಒಮ್ಮೆ ಅಕ್ಕನ ಮೇಲೆ, ಒಮ್ಮೆ ತೂಕದ ಮೆಷಿನ್ ಮೇಲೆ. ಒಂದು ಸಲ ಬೇಸರದಲ್ಲಿ ಡಯಟ್ಟೇ ಬಿಟ್ಟಿದ್ದರು. ಇಂಥವರು ನನಗೆ ಗೊತ್ತಿರುವ ಹಾಗೆ ಹತ್ತು ಮಂದಿ ಇದ್ದಾರೆ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪತ್ತು, ರಂಜಾನ್, ಕ್ರೈಸ್ತರ ತಪಸ್ಸು ಕಾಲ ಅಂತ ನಮ್ಮ ಊರಿನಲ್ಲಿ ಉಪವಾಸಕ್ಕೆ ಕೊರತೆ ಇಲ್ಲ. ಈಗ ಫೋನಿನ ಆ್ಯಪ್ ಹೇಳಿಕೊಡುವ ಹದಿನಾರು ಗಂಟೆಯ ಉಪವಾಸವೂ ಸೇರಿದೆ. ಹಸಿದು ಕೂರುವುದು ಎಲ್ಲರಿಗೂ ಬರುತ್ತದೆ. ಮರುದಿನ ಮೆಷಿನ್ ತೋರಿಸಿದ್ದನ್ನು ಓದುವಾಗಲೇ ಎಡವುವುದು.

1. ಮೆಷಿನ್ ಸರಿ ಉಂಟಾ ನೋಡಿ

ಚಾಪೆ, ಮ್ಯಾಟ್ ಮೇಲೆ ಇಡಬೇಡಿ. ಕಾವಿ ನೆಲವೋ ಟೈಲ್ಸೋ, ಗಟ್ಟಿ ಸಮನೆಲ ಬೇಕು. ಟೈಲ್ಸ್ ಆದರೆ ಮೆಷಿನ್ನಿನ ಒಂದು ಕಾಲು ಸಂದಿಯಲ್ಲಿ ಕೂತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಚ್ಚಲಿನಲ್ಲಂತೂ ಬೇಡವೇ ಬೇಡ, ನೀರು ಹರಿಯಲೆಂದು ಅಲ್ಲಿ ನೆಲ ಇಳಿಜಾರು ಇರುತ್ತದೆ.

ಒಡೆಯದ ಹತ್ತು ಕೆಜಿ ಅಕ್ಕಿ ಚೀಲ ಇದ್ದರೆ ಪರೀಕ್ಷೆ ಸುಲಭ. ಬರೀ ನೀವು ಹತ್ತಿ ಬರೆದುಕೊಳ್ಳಿ. ಆಮೇಲೆ ಚೀಲ ಎತ್ತಿಕೊಂಡು ಹತ್ತಿ. ವ್ಯತ್ಯಾಸ ಹತ್ತು ಕೆಜಿಯ ಆಸುಪಾಸು ಬಂದರೆ ಸಾಕು. ಇದರಲ್ಲಿ ಇನ್ನೊಂದು ಲಾಭವೂ ಉಂಟು. ಕೆಲವು ಡಿಜಿಟಲ್ ಮೆಷಿನ್‌ಗಳು ಹಿಂದಿನ ಸಂಖ್ಯೆಯನ್ನು ನೆನಪಿಟ್ಟುಕೊಂಡು, ವ್ಯತ್ಯಾಸ ಸಣ್ಣದಿದ್ದರೆ ಅದನ್ನೇ ಮತ್ತೆ ತೋರಿಸಿಬಿಡುತ್ತವೆ. ಮೂರು ದಿನ ಒಂದು ಗ್ರಾಂ ಕೂಡ ಆಚೀಚೆ ಆಗದಿದ್ದರೆ ಅನುಮಾನ ಪಡಿ. ಚೀಲ ಎತ್ತಿಕೊಂಡು ಒಮ್ಮೆ ಹತ್ತಿ ಇಳಿದರೆ ಅದು ಹಳೆಯ ಸಂಖ್ಯೆಯನ್ನು ಮರೆಯುತ್ತದೆ.

ಕೊಬ್ಬಿನ ಶೇಕಡಾವಾರು ತೋರಿಸುವ ಮೆಷಿನ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಮಾಡುತ್ತದೆ. ಮೈಯಲ್ಲಿ ನೀರು ಕಮ್ಮಿಯಾದರೆ ಕೊಬ್ಬು ಜಾಸ್ತಿಯಾಗಿದೆ ಅಂತ ತೋರಿಸಬಹುದು. ನಿರ್ಜಲ ಉಪವಾಸ ಮಾಡಿ ಕೊಬ್ಬು ಏರಿಸಿಕೊಂಡ ಹೆಸರು ನಿಮಗೆ ಯಾಕೆ?

2. ಹೊತ್ತು

ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಕಾಫಿಗೆ ಮೊದಲು, ದಿನಕ್ಕೆ ಒಂದೇ ಸಲ. ರಂಜಾನ್ ಉಪವಾಸದವರು ಸಹರಿಗೆ (ಮುಂಜಾವಿನ ಊಟಕ್ಕೆ) ಎದ್ದ ಕೂಡಲೇ ನೋಡಲಿ.

3. ಬರೆಯುವುದು

ಆ್ಯಪ್ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ಏಕಾದಶಿ, ಸಂಕಷ್ಟಿ, ಹುಣ್ಣಿಮೆ ಅದರಲ್ಲಿ ಆಗಲೇ ಅಚ್ಚಾಗಿರುತ್ತವೆ. ತೂಕದ ಪಕ್ಕ ಎರಡು ಶಬ್ದ ಬರೆಯಿರಿ: ‘ಮದುವೆ ಊಟ’, ‘ಒಣಮೀನು’, ‘ಹೊಟ್ಟೆ ಕಟ್ಟಿದೆ’, ‘ನಿದ್ದೆ ಇಲ್ಲ’. ತಿಂಗಳ ಕೊನೆಗೆ ಈ ಎರಡು ಶಬ್ದಗಳೇ ನಿಮಗೆ ಉಪಕಾರಕ್ಕೆ ಬರುವುದು.

4. ಉಪವಾಸದ ದಿನ ಮತ್ತು ಅದರ ಮರುದಿನಗಳು

ಎಲ್ಲರೂ ತಪ್ಪುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಭಾವನ ಒಂದು ವಾರದ ಕ್ಯಾಲೆಂಡರ್ ಹೀಗಿತ್ತು.

ಸೋಮವಾರ, ದಶಮಿ: 82.4
ಮಂಗಳವಾರ, ಏಕಾದಶಿ: 82.1
ಬುಧವಾರ, ದ್ವಾದಶಿ, ಪಾರಣೆಗೆ (ಉಪವಾಸ ಬಿಡುವ ಊಟಕ್ಕೆ) ಮೊದಲು: 80.5
ಗುರುವಾರ: 82.3
ಶುಕ್ರವಾರ: 82.6
ಶನಿವಾರ: 82.0
ಭಾನುವಾರ: 81.9

ಮಂಗಳವಾರದಿಂದ ಬುಧವಾರಕ್ಕೆ 1.6 ಕೆಜಿ ಹೋಯಿತು. ಏನು ಹೋಯಿತು?

ಮೊದಲು ಕೊಬ್ಬಿನ ಲೆಕ್ಕ. ಒಂದು ಕೆಜಿ ಮೈಕೊಬ್ಬು ಎಂದರೆ ಸುಮಾರು 7,700 ಕ್ಯಾಲರಿ. ಭಾವನಂಥವರ ಮೈ ದಿನಕ್ಕೆ ಸುಮಾರು 2,000 ಕ್ಯಾಲರಿ ಸುಡುತ್ತದೆ ಅಂತ ಹಿಡಿಯಿರಿ. ಅಷ್ಟೂ ಕೊಬ್ಬಿನಿಂದಲೇ ಬಂತು ಅಂದುಕೊಂಡರೂ 260 ಗ್ರಾಂ. ಮೊದಲ ದಿನ ಅಷ್ಟೂ ಕೊಬ್ಬಿನಿಂದ ಬರುವುದಿಲ್ಲ. ಹಾಗಾಗಿ ಉದಾರವಾಗಿ 200 ಗ್ರಾಂ ಅನ್ನೋಣ.

ಉಳಿದ ಕ್ಯಾಲರಿ ಎಲ್ಲಿಂದ? ನಾವು ತಿಂದ ಅನ್ನ, ದೋಸೆಯ ಸಕ್ಕರೆ ಅಂಶದಲ್ಲಿ ಸ್ವಲ್ಪವನ್ನು ಮೈ ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಅದರ ಮೂರು-ನಾಲ್ಕು ಪಟ್ಟು. ಮನೆ ಖರ್ಚಿಗೆ ಡಬ್ಬಿಯಲ್ಲಿ ಇಟ್ಟ ದುಡ್ಡಿದ್ದ ಹಾಗೆ, ಮೊದಲು ಕೈ ಹಾಕುವುದು ಅಲ್ಲಿಗೆ. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಒಂದು ದಿನದ ಉಪವಾಸಕ್ಕೆ ಲಿವರಿನ ಡಬ್ಬಿ ಹೆಚ್ಚುಕಮ್ಮಿ ಖಾಲಿ. 100 ಗ್ರಾಂ ಅದು, 300 ಗ್ರಾಂ ನೀರು, ಒಟ್ಟು 400.

ಇನ್ನೂ ಒಂದು ಕೆಜಿ ಬಾಕಿ. ಅದು ಹೊಟ್ಟೆಗೆ ಹೋಗದ ಊಟ ಮತ್ತು ಕುಡಿಯದ ನೀರು. ನಮ್ಮ ಕುಚ್ಚಲಕ್ಕಿ ಗಂಜಿಯನ್ನೇ ನೋಡಿ. ನಾನು ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಬಟ್ಟಲು ಇಟ್ಟು ನೋಡಿದ್ದೆ. ಮಿಡಿ ಉಪ್ಪಿನಕಾಯಿ ಬಿಟ್ಟು, ಬರೀ ಗಂಜಿ ಅರ್ಧ ಕೆಜಿಗಿಂತ ಜಾಸ್ತಿ ಇತ್ತು. ಅದನ್ನು ಕುಡಿದ ಕ್ಷಣ ನಿಮ್ಮ ತೂಕ ಅರ್ಧ ಕೆಜಿ ಏರುತ್ತದೆ. ಕುಡಿಯದಿದ್ದರೆ ಏರುವುದಿಲ್ಲ. ಉಪವಾಸದ ದಿನ ಮೇಲಿನಿಂದ ಏನೂ ಬರುವುದಿಲ್ಲ, ಆದರೆ ಉಸಿರು, ಬೆವರು, ಮೂತ್ರ ನಿಲ್ಲುವುದಿಲ್ಲ. ನಮ್ಮ ಕರಾವಳಿಯ ಸೆಕೆಗೆ ಬೆವರಿನ ಪಾಲು ಕೇಳುವುದೇ ಬೇಡ.

ಅಂದರೆ 1.6 ಕೆಜಿಯಲ್ಲಿ ನಿಜವಾಗಿ ಕರಗಿದ್ದು 200 ಗ್ರಾಂ. ಬುಧವಾರ ಪಾರಣೆ ಮಾಡಿ ಮಧ್ಯಾಹ್ನ ಉಂಡ ಕೂಡಲೇ ಉಳಿದ 1.4 ಕೆಜಿ ಮನೆಗೆ ಮರಳಿತು. ಮರಳಲೇಬೇಕು, ಮರಳದಿದ್ದರೆ ಡಾಕ್ಟರ ಹತ್ತಿರ ಹೋಗಬೇಕಾದೀತು.

ಹಾಗಾದರೆ ಶುಕ್ರವಾರ 82.6, ದಶಮಿಗಿಂತಲೂ ಜಾಸ್ತಿ ಯಾಕೆ? ಭಾವನಿಗೆ ಹೊಟ್ಟೆಯುರಿದದ್ದು ಇದಕ್ಕೆ. ಬುಧ, ಗುರು ಎರಡೂ ದಿನದ ಊಟದಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಇದ್ದವು. ಉಪ್ಪು ನೀರನ್ನು ಹಿಡಿದಿಡುತ್ತದೆ. ಎಷ್ಟು ಅಂತ ತಿಳಿಯಲು ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟ್ಲಿ ನೆನಪಿಸಿಕೊಳ್ಳಿ. ಅದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. ನಮ್ಮ ರಕ್ತಕ್ಕೆ ಹೊಂದುವ ಹದ ಅದು. ಮಾಮೂಲಿಗಿಂತ ನಾಲ್ಕೂವರೆ ಗ್ರಾಂ, ಎಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಜಾಸ್ತಿ ಹೋದರೆ, ಕಿಡ್ನಿ ಅದನ್ನು ಹೊರಹಾಕುವ ತನಕ ಅರ್ಧ ಲೀಟರ್ ನೀರು ಮೈಯಲ್ಲಿ ನಿಲ್ಲಬಹುದು. ಎರಡು ಮೂರು ದಿನಕ್ಕೆ ಅದು ಇಳಿಯುತ್ತದೆ. ಭಾವನದೂ ಶನಿವಾರ ಇಳಿಯಿತು. ಅಂದ ಹಾಗೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಒಣಮೀನು ಚಟ್ನಿ ಪ್ರಿಯರು ಈ ವಾಕ್ಯ ಓದಿಲ್ಲ ಅಂತ ತಿಳಿಯಲಿ.

ಒಂದೇ ದಿನದಲ್ಲಿ 1.8 ಕೆಜಿ ‘ಕೊಬ್ಬು’ ಬಂತು ಅಂತ ಇನ್ನೂ ಅನುಮಾನ ಇದ್ದವರು ಒಂದು ಲೆಕ್ಕ ಹಾಕಿ. ಒಂದು ಗೋಳಿಬಜೆಗೆ 100 ಕ್ಯಾಲರಿ ಅಂತ ಹಿಡಿದರೆ, ಒಂದು ಕೆಜಿ ಕೊಬ್ಬಿಗೆ ದಿನದ ಊಟ ಅಲ್ಲದೆ ಮೇಲಿಂದ 77 ಗೋಳಿಬಜೆ ತಿನ್ನಬೇಕು. ಕೃಷ್ಣಾಷ್ಟಮಿಯ ಮರುದಿನ ಉಡುಪಿಯಲ್ಲಿ ನಡೆಯುವ ವಿಟ್ಲಪಿಂಡಿಯ ದಿನವೂ ಇದೇ ಲೆಕ್ಕ. ಅಷ್ಟಮಿಗೆ ಉಪವಾಸ, ಮರುದಿನ ಉಂಡೆ-ಚಕ್ಕುಲಿ. ಒಂದು ದಿನ ಖಾಲಿ ಡಬ್ಬಿ, ಮರುದಿನ ಸಕ್ಕರೆ ಮತ್ತು ಉಪ್ಪು ಎರಡೂ. ಮೆಷಿನ್ ಕುಣಿಯದೆ ಇನ್ನೇನು ಮಾಡೀತು?

5. ಸರಾಸರಿ

ಏಳು ದಿನದ್ದನ್ನು ಕೂಡಿ ಏಳರಿಂದ ಭಾಗಿಸಿ ಅಂತ ಎಲ್ಲರೂ ಹೇಳುತ್ತಾರೆ. ಬಿಡದೆ 16 ಗಂಟೆ ಉಪವಾಸ ಮಾಡುವವರಿಗೆ ಅದು ಸರಿ, ಅವರ ಎಲ್ಲ ದಿನವೂ ಒಂದೇ ರೀತಿ. ಏಕಾದಶಿಯವರಿಗೆ ಅದು ಸರಿಯಾಗುವುದಿಲ್ಲ. ಏಕಾದಶಿ ಬರುವುದು ಹದಿನೈದು ದಿನಕ್ಕೊಮ್ಮೆ. ಉಪವಾಸವಿದ್ದ ವಾರದ ಸರಾಸರಿ ಸುಳ್ಳೇ ಇಳಿಯುತ್ತದೆ, ಇಲ್ಲದ ವಾರ ಸುಳ್ಳೇ ಏರುತ್ತದೆ.

ನನ್ನ ಕ್ರಮ: ದ್ವಾದಶಿಯ ಬೆಳಿಗ್ಗೆ ಮತ್ತು ಅದರ ಮರುದಿನ, ಈ ಎರಡನ್ನು ಬರೆಯಿರಿ, ಆದರೆ ಸುತ್ತು ಹಾಕಿ ಲೆಕ್ಕದಿಂದ ಬಿಡಿ. ಭಾವನ ಉಳಿದ ಐದು ದಿನ ಕೂಡಿದರೆ 411. ಐದರಿಂದ ಭಾಗಿಸಿದರೆ 82.2. ಹಿಂದಿನ ವಾರದ ಸರಾಸರಿ 82.5 ಇತ್ತು. ವಾರಕ್ಕೆ 300 ಗ್ರಾಂ ಇಳಿಕೆ. ಫೋನಿನಲ್ಲಿ ಹೇಳಿದಾಗ ಭಾವ ಒಂದು ನಿಮಿಷ ಸುಮ್ಮನಿದ್ದರು. “ಅಷ್ಟೇಯಾ?” ಅಂದರು. ಅಷ್ಟೇ. ಬೆಣ್ಣೆಯ ಅರ್ಧ ಕೆಜಿ ಪೊಟ್ಟಣದಲ್ಲಿ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ ಇಟ್ಟು ನೋಡಿ, ಸಣ್ಣದಲ್ಲ ಅದು.

ನಾಲ್ಕು ವಾರದ ಸರಾಸರಿ ಕೈಯಲ್ಲಿ ಇಲ್ಲದೆ ಡಯಟ್ ಬದಲಿಸಬೇಡಿ.

6. ಬೇರೆ ಕಾರಣಗಳು

ಅನ್ನ ಪೂರ್ತಿ ಬಿಟ್ಟವರಿಗೆ ಮೊದಲ ವಾರ ಎರಡು ಕೆಜಿ ಜರ್ರನೆ ಇಳಿಯುತ್ತದೆ. ಆಫೀಸಿನಲ್ಲಿ ಅವರ ಜಂಬ ನೋಡಬೇಕು! ಅದೂ ಹೆಚ್ಚಿನದು ಗ್ಲೈಕೋಜೆನ್ ಮತ್ತು ಅದರ ನೀರು. ಒಂದು ಮದುವೆ ಊಟಕ್ಕೆ ಹೋಗಿ ಬಂದರೆ ವಾಪಸ್ ಬರುತ್ತದೆ. ಆಗ ಅವರು ಫೋನ್ ಎತ್ತುವುದಿಲ್ಲ.

ಹೆಂಗಸರಿಗೆ ಮುಟ್ಟಿಗೆ ಮೊದಲಿನ ದಿನಗಳಲ್ಲಿ ಒಂದೆರಡು ಕೆಜಿ ನೀರು ನಿಲ್ಲುವುದುಂಟು. ಅವರು ಹಿಂದಿನ ವಾರದ ಜೊತೆ ಹೋಲಿಸುವುದು ಬೇಡ, ಹಿಂದಿನ ತಿಂಗಳ ಅದೇ ದಿನಗಳ ಜೊತೆ ಹೋಲಿಸಲಿ. ಹೊಸದಾಗಿ ಜಿಮ್ ಸೇರಿದವರಿಗೆ ಮೈಕೈ ನೋವಿದ್ದಷ್ಟು ದಿನ ತೂಕ ಏರಿರುತ್ತದೆ, ಪೆಟ್ಟು ತಿಂದ ಸ್ನಾಯು ನೀರು ಹಿಡಿಯುತ್ತದೆ. ಮಲಬದ್ಧತೆಯ ತೂಕವನ್ನು ವಿವರಿಸಬೇಕಿಲ್ಲ.

ಪಣಂಬೂರು, ಮಲ್ಪೆ ಕಡಲ ಬದಿಯಲ್ಲಿ ಬಿಸಿಲಿಗೆ ಓಡಿ ಬಂದು ಮೆಷಿನ್ ಹತ್ತುವವರಿಗೆ: ಅದು ಬೆವರು. ಎರಡು ಬೊಂಡ (ಎಳನೀರು) ಕುಡಿಯಿರಿ, ಸಂಖ್ಯೆ ಮರೆಯಿರಿ. ಹೊಟ್ಟೆಗೆ ಕಟ್ಟುವ ಬೆವರಿನ ಬೆಲ್ಟೂ ಅಷ್ಟೇ, ಕರಗುವುದು ದುಡ್ಡು ಮಾತ್ರ. ‘ತೂಕ ಇಳಿಸುವ ಚಹಾ’ದ ಪೊಟ್ಟಣ ತಿರುಗಿಸಿ ಓದಿ. ಸೋನಾಮುಖಿ ಅಂತ ಇದ್ದರೆ ಅದು ಭೇದಿ ಔಷಧಿ. ಹೋಗುವುದು ನೀರು ಮತ್ತು ಮಲ, ಕೊಬ್ಬು ಅಲ್ಲ. ನಾನು ಒಮ್ಮೆ ತಂದು ಎರಡು ದಿನ ಕುಡಿದಿದ್ದೆ. ಮೂರನೇ ದಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗುವುದಿತ್ತು. ಮುಂದಿನದ್ದು ಬೇಡ.

7. ಕ್ಯಾಲೆಂಡರ್ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕಾದದ್ದು

ಹೃದಯದ ತೊಂದರೆ ಇದ್ದವರಿಗೆ ದಿನದ ತೂಕ ಆಟದ ವಿಷಯವಲ್ಲ. ದಿನದಲ್ಲಿ ಒಂದು ಕೆಜಿಗಿಂತ, ವಾರದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅವತ್ತೇ ತಿಳಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಕೂರಬಾರದು. ಸಕ್ಕರೆ ಒಮ್ಮೆಲೇ ಇಳಿದು ತಲೆ ತಿರುಗಿ ಬಿದ್ದಾರು.

8. ಟೇಪು

ಹದಿನೈದು ದಿನಕ್ಕೊಮ್ಮೆ ಸೊಂಟ ಅಳೆಯಿರಿ. ದಶಮಿಯ ಬೆಳಿಗ್ಗೆ ನನಗೆ ಇಷ್ಟ, ಮರೆಯುವುದಿಲ್ಲ. ಹೊಕ್ಕುಳಿನ ಮಟ್ಟಕ್ಕೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಎಳೆದುಕೊಳ್ಳದೆ, ಟೇಪು ಬಿಗಿಯದೆ. ಪ್ಯಾಂಟಿನ ಬೆಲ್ಟಿನ ತೂತು ನೋಡಿದರೆ ಸಾಕು ಅನ್ನುವವರಿದ್ದಾರೆ, ಆದರೆ ಭಾವ ಮನೆಯಲ್ಲಿ ಇಡೀ ದಿನ ಲುಂಗಿಯಲ್ಲೇ ಇರುವವರು. ಅವರಿಗೆ ಅಕ್ಕನ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಳ್ಳಿ ಅಂದೆ. ಮೊದಲ ಸಲ ಅಳೆದಾಗ ಅಂದುಕೊಂಡದ್ದಕ್ಕಿಂತ ಎರಡು ಇಂಚು ಕಮ್ಮಿ ಬಂತು, ಖುಷಿಯೋ ಖುಷಿ. ಆಮೇಲೆ ಗೊತ್ತಾಯಿತು, ಅದು ಇಪ್ಪತ್ತು ವರ್ಷ ಹಳೆಯ ಟೇಪು, ಎಳೆದೆಳೆದು ಉದ್ದವಾಗಿದೆ. ಅಳೆಯುವ ಮೊದಲು ಟೇಪನ್ನು ಮಕ್ಕಳ ಸ್ಕೇಲಿನ ಪಕ್ಕ ಇಟ್ಟು ಒಮ್ಮೆ ನೋಡಿಕೊಳ್ಳಿ.